ಯಾವ ಜೀವವನ್ನೂ ನೋಯಿಸಿಲ್ಲ

ನಿಮ್ಮ ಮನೆಯಲ್ಲಿ ಕಾಡಿಗೆ ಡಬ್ಬಿ ಇದ್ದರೆ ಒಮ್ಮೆ ತಿರುಗಿಸಿ ತಳ ನೋಡಿ. ಹಸಿರು ವೃತ್ತದೊಳಗೆ ಮಲಗಿದ ಒಂದು ಮೊಲ, ಅದರ ಕೆಳಗೆ ಮೂರು ಪದ: ‘ಯಾವ ಜೀವವನ್ನೂ ನೋಯಿಸಿಲ್ಲ.’ ಶಾಂಪೂ, ಕ್ರೀಮು, ಲಿಪ್‌ಸ್ಟಿಕ್ಕು, ಎಲ್ಲದರ ಮೇಲೂ ಈಗ ಇದೇ ಇರುತ್ತದೆ. ಆ ಮೂರು ಪದಗಳನ್ನು ಬರೆದವಳು ನಾನು. ಹೆಸರು ಅಂಬುಜಾಕ್ಷಿ, ಮೈಸೂರಿನವಳು, ಪಶುವೈದ್ಯೆ, ವಯಸ್ಸು ಐವತ್ತೆಂಟು. ಅದನ್ನು ಬರೆದ ದಿನ ಆದಷ್ಟು ಹೆಮ್ಮೆ ನನಗೆ ಡಾಕ್ಟರೇಟ್ ಬಂದ ದಿನವೂ ಆಗಿರಲಿಲ್ಲ. ಮೊನ್ನೆ ಅದರಲ್ಲಿ ಒಂದೇ ಒಂದು ಪದವನ್ನು ಬದಲಾಯಿಸಿ ಎಂದು ಕೇಳಲು ಹೋಗಿ ಸೋತು ಬಂದಿದ್ದೇನೆ. ಹೇಗೆ ಸೋತೆ ಎಂದು ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ಬಯ್ಯಬೇಕೆನಿಸಿದರೆ ಬಯ್ಯಿರಿ, ನಾನಂತೂ ಬೈದುಕೊಂಡು ಮುಗಿಸಿದ್ದೇನೆ.

ಮೊದಲು ನೋವುಮಾಪಕದ ವಿಷಯ. ಹನ್ನೆರಡು ವರ್ಷದ ಹಿಂದೆ ನಾನು ಸಂಶೋಧನಾಲಯವೊಂದರ ಪ್ರಾಣಿಶಾಲೆ ನೋಡಿಕೊಳ್ಳುತ್ತಿದ್ದಾಗ ನಮ್ಮ ತಂಡ ಅದನ್ನು ಮಾಡಿತು. ಒಣಗಹಾಕಿದ ಬಟ್ಟೆಗೆ ಸಿಕ್ಕಿಸುತ್ತೇವಲ್ಲ, ಆ ಕ್ಲಿಪ್ಪಿನಷ್ಟೇ ದೊಡ್ಡದು. ಪ್ರಾಣಿಯ ಕಿವಿಗೆ ಹಾಕಿದರೆ ನರಗಳಲ್ಲಿ ಓಡುವ ಸಂಕೇತವನ್ನು ಓದಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ತೋರಿಸುತ್ತಿತ್ತು. ಮೊಲ ಕೂಗಾಡುವ ಪ್ರಾಣಿಯಲ್ಲ. ಅದಕ್ಕೆ ಕಣ್ಣೀರೂ ಕಡಿಮೆ. ಕಣ್ಣಿಗೆ ಹಾಕಿದ್ದು ಬೇಗ ತೊಳೆದುಹೋಗುವುದಿಲ್ಲವೆಂದೇ ಇಂಥ ಪರೀಕ್ಷೆಗಳಿಗೆ ಅದನ್ನು ಆರಿಸಿಕೊಂಡಿದ್ದು. ಕತ್ತು ಅಲುಗದ ಹಾಗೆ ಪೆಟ್ಟಿಗೆಯಲ್ಲಿ ಕೂರಿಸಿ, ಕಣ್ಣಿಗೆ ಶಾಂಪೂ ಬಿಟ್ಟು, ಸುಮ್ಮನೆ ಕೂತಿದೆಯಲ್ಲ, ಏನೂ ಆಗಿಲ್ಲ ಎನ್ನುತ್ತಿದ್ದರು. ನಮ್ಮ ಕ್ಲಿಪ್ಪು ಮೊದಲ ದಿನವೇ ಎಂಬತ್ತೇಳು ತೋರಿಸಿತು. ಆ ಅಂಕಿ ನೋಡಿ ನಮ್ಮಲ್ಲಿ ಯಾರೂ ಮಧ್ಯಾಹ್ನ ಊಟ ಮಾಡಲಿಲ್ಲ.

ಆ ಅಂಕಿಯನ್ನೇ ಹಿಡಿದುಕೊಂಡು ಚಳವಳಿ ಶುರುವಾಯಿತು. ನನ್ನ ತಂಗಿ ವನಜಾಕ್ಷಿ ಕುವೆಂಪುನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅವಳು ಕನ್ನಡಿಯ ಪಕ್ಕದಲ್ಲೇ ಮೊಲದ ಪೋಸ್ಟರು ಅಂಟಿಸಿ, ಹುಬ್ಬು ತೆಗೆಸಲು ಬಂದವರಿಂದಲೂ ಸಹಿ ಹಾಕಿಸಿದಳು. ಪರೀಕ್ಷೆ ನಡೆಸುವ ಕಂಪನಿಗಳ ಒಂದೊಂದೇ ಸಾಮಾನನ್ನು ಕಪಾಟಿನಿಂದ ತೆಗೆದು ಹೊರಗಿಟ್ಟಳು. ಅಂಥ ನೂರಾರು ಪಾರ್ಲರುಗಳು, ಕಾಲೇಜು ಹುಡುಗಿಯರು, ಗೃಹಿಣಿಯರು ಸೇರಿದ ಮೇಲೆ ರಾಜ್ಯದಲ್ಲಿ ಕಾನೂನೇ ಬಂತು. ಕರಡು ಸಮಿತಿಗೆ ನನ್ನನ್ನೂ ಕರೆದರು.

ಇಲ್ಲೇ ನಾನು ಎಡವಿದ್ದು. ಡಬ್ಬಿಯ ಮೇಲೆ ಹಾಕಬೇಕಾದ ವಾಕ್ಯ ಕರಡಿನಲ್ಲಿ ‘ಪ್ರಾಣಿಗಳನ್ನು ಪರೀಕ್ಷೆಗೆ ಬಳಸಿಲ್ಲ’ ಎಂದಿತ್ತು. ನನಗೆ ಹಿಡಿಸಲಿಲ್ಲ. “ಇದು ಗೆಜೆಟ್ ಕನ್ನಡ. ಡಬ್ಬಿ ಕೈಯಲ್ಲಿ ಹಿಡಿದವರ ಮನಸ್ಸಿಗೆ ತಟ್ಟೋ ಹಾಗಿರಬೇಕು” ಎಂದು ವಾದಿಸಿ, ‘ಯಾವ ಜೀವವನ್ನೂ ನೋಯಿಸಿಲ್ಲ’ ಎಂದು ಬರೆದುಕೊಟ್ಟೆ. ಓದಿದವರೆಲ್ಲ ತಲೆದೂಗಿದರು. ಅಷ್ಟಕ್ಕೇ ಬಿಡದೆ, ಇಂಗ್ಲಿಷ್ ಪಠ್ಯಕ್ಕೂ ಕನ್ನಡಕ್ಕೂ ವ್ಯತ್ಯಾಸ ಬಂದರೆ ಕನ್ನಡವೇ ಅಂತಿಮ ಎಂಬ ಕಲಮನ್ನೂ ಸೇರಿಸಬೇಕೆಂದು ಎರಡು ದಿನ ಹಟ ಹಿಡಿದು ಗೆದ್ದೆ. ಕಂಪನಿಗಳು ನುಣುಚಿಕೊಳ್ಳಬಾರದಲ್ಲ ಎಂದು ಒಂದು ವಿವರಣೆಯನ್ನೂ ಬರೆದೆ: ನೋಯಿಸುವುದು ಎಂದರೆ ನೋವುಮಾಪಕದಲ್ಲಿ ಸೊನ್ನೆಗಿಂತ ಹೆಚ್ಚು ಅಂಕಿ ಬರುವಂತೆ ಮಾಡುವುದು. ಸೊನ್ನೆ ಎಂದರೆ ಸೊನ್ನೆ, ಒಂದು ಬಂದರೂ ತಪ್ಪು. ಎಲ್ಲ ಬಾಗಿಲೂ ಮುಚ್ಚಿದೆ ಎಂದುಕೊಂಡು ಮನೆಗೆ ಬಂದು ಕೇಸರಿಬಾತ್ ಮಾಡಿದೆ.

ಏಳೆಂಟು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಪ್ರಾಣಿಶಾಲೆಗಳು ಖಾಲಿಯಾದವು. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಮೇಲೆ, ಕಣ್ಣಿನ ಕಾರ್ನಿಯಾದ ಮೇಲೆ ಪರೀಕ್ಷೆ ನಡೆಯತೊಡಗಿತು. ಊರ ಹೊರಗೆ ‘ಸೌಮ್ಯ ಪ್ರಸಾಧನ’ ಎಂಬ ಸೌಂದರ್ಯವರ್ಧಕಗಳ ಕಂಪನಿ ಬಂತು. ಚರ್ಮ ಬೆಳೆಸುವ ವಿಭಾಗಕ್ಕೆ ನನ್ನನ್ನು ಕರೆದರು, ಹೋದೆ. ನನ್ನ ಜೊತೆ ಹಳೆಯ ಪ್ರಾಣಿಶಾಲೆಯ ಜವರಮ್ಮನೂ ಬಂದರು. ಮೂವತ್ತು ವರ್ಷ ಮೊಲಗಳಿಗೆ ಹುಲ್ಲು ಹಾಕಿ, ಗೂಡು ತೊಳೆದ ಹೆಂಗಸು. ಅವರದೊಂದು ಪದ್ಧತಿಯಿತ್ತು: ಬೆಳಿಗ್ಗೆ ಬಂದ ಕೂಡಲೆ ಪ್ರತಿಯೊಂದು ಮೊಲದ ಕಣ್ಣಿಗೂ ‘ಉಫ್’ ಎಂದು ಮೆಲ್ಲಗೆ ಊದುವುದು. ಎರಡೂ ರೆಪ್ಪೆ ಒಟ್ಟಿಗೆ ಮುಚ್ಚಿದರೆ ಮೊಲ ಸರಿಯಾಗಿದೆ; ಒಂದು ತಡವಾದರೆ ಆ ಕಣ್ಣಿಗೆ ಏನೋ ಆಗಿದೆ. ನಮ್ಮ ಉಪಕರಣಗಳಿಗಿಂತ ಒಂದು ದಿನ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಈಗ ಊದಲು ಮೊಲಗಳಿಲ್ಲದೆ ತಟ್ಟೆಗಳನ್ನು ಒರೆಸಿಕೊಂಡಿದ್ದರು.

ಹೋದ ಯುಗಾದಿಯಾದ ವಾರ ನೆಲಮಹಡಿಗೆ ಅರವತ್ತು ಬಿಳಿ ಮೊಲಗಳು ಬಂದವು. ನಾನು ಹೌಹಾರಿ ಸಂಶೋಧನಾ ಮುಖ್ಯಸ್ಥ ಪ್ರಹ್ಲಾದನ ಕೋಣೆಗೆ ಹೋದೆ. ನಲವತ್ತರ ಪ್ರಾಯ, ಮೆತ್ತಗಿನ ಮಾತು, ಒಂದು ದಿನವೂ ದನಿ ಏರಿಸಿದವನಲ್ಲ.

“ಕೂತ್ಕೊಳಿ ಮೇಡಂ, ಕಾಫಿ ತರಿಸ್ತೀನಿ” ಎಂದ. “ಗಾಬರಿ ಆಗ್ಬೇಡಿ. ಇವಕ್ಕೆ ನೋವೇ ಆಗಲ್ಲ. ಶಾಂತ ತಳಿ ಅಂತ ಹೆಸರಿಟ್ಟಿದೀವಿ.”

ನರದೊಳಗೆ ನೋವಿನ ಸುದ್ದಿ ಹೊರಡಬೇಕಾದರೆ ಒಂದು ಸಣ್ಣ ಬಾಗಿಲು ತೆರೆಯಬೇಕು. ಆ ಬಾಗಿಲನ್ನು ರೂಪಿಸುವ ವಂಶವಾಹಿಯನ್ನೇ ಭ್ರೂಣದಲ್ಲಿ ಕೆಡಿಸಿಬಿಟ್ಟಿದ್ದರು. ಮೊಲ ಓಡಾಡುತ್ತದೆ, ತಿನ್ನುತ್ತದೆ, ಮರಿ ಹಾಕುತ್ತದೆ. ನೋವು ಮಾತ್ರ ಅದಕ್ಕೆ ಗೊತ್ತಿಲ್ಲ. ತಟ್ಟೆಯಲ್ಲಿ ಚರ್ಮ ಬೆಳೆಯಲು ಆರು ವಾರ ಬೇಕು, ಇಡೀ ಕಣ್ಣು ಹೇಗೆ ವಾಸಿಯಾಗುತ್ತದೆ ಎಂಬುದನ್ನು ಅದು ಹೇಳುವುದೂ ಇಲ್ಲ. ಮೊಲವಾದರೆ ಆರು ದಿನದಲ್ಲಿ ಎಲ್ಲ ಹೇಳುತ್ತದೆ. ಪ್ರಹ್ಲಾದ ಒಂದು ಮೊಲದ ಕಿವಿಗೆ ನಮ್ಮದೇ ಕ್ಲಿಪ್ಪು ಹಾಕಿ ತೋರಿಸಿದ. ಏನು ಮಾಡಿದರೂ ಸೊನ್ನೆ.

“ನಿಮ್ಮ ಕಾನೂನಿನ ಮೊದಲ ಸಂತಾನ ಮೇಡಂ ಇವು” ಎಂದು ನಕ್ಕ. ಅದರಲ್ಲಿ ಕುಹಕವೇನೂ ಇರಲಿಲ್ಲ, ನನ್ನನ್ನು ಹೊಗಳಿದೆ ಎಂದೇ ಅವನು ತಿಳಿದಿದ್ದ.

ಸತ್ಯ ಹೇಳಬೇಕೆಂದರೆ ಮೊದಲ ವಾರ ನಾನೂ ಸಂತೋಷಪಟ್ಟೆ. ಎಂಬತ್ತೇಳು ನೋಡಿದ ಕಣ್ಣಿಗೆ ಸೊನ್ನೆ ಎಷ್ಟು ತಂಪಾಗಿರುತ್ತದೆ ಎಂದು ನೋಡದವರಿಗೆ ಗೊತ್ತಾಗುವುದಿಲ್ಲ. ಎರಡನೆಯ ವಾರ ಜವರಮ್ಮ ನನ್ನನ್ನು ಕೆಳಗೆ ಕರೆದರು.

“ಡಾಕ್ಟ್ರಮ್ಮ, ಬನ್ನಿ ಇಲ್ಲಿ. ಇವು ಕಣ್ ಮುಚ್ಚಾಕಿಲ್ಲ.”

ಅವರು ಒಂದು ಮೊಲವನ್ನೆತ್ತಿ ಉಫ್ ಎಂದು ಊದಿದರು. ಕಣ್ಣು ಹಾಗೇ ತೆರೆದಿತ್ತು. ಮತ್ತೊಂದನ್ನು ಎತ್ತಿದರು, ಅದೂ ಹಾಗೇ. ಆಗ ನನಗೆ ಹೊಳೆಯಿತು. ಪಶುವೈದ್ಯೆಯಾಗಿ ಮೊದಲ ದಿನವೇ ಹೊಳೆಯಬೇಕಿತ್ತು, ನಾಚಿಕೆಯಾಗಬೇಕು ನನಗೆ. ನಾವು ಕಣ್ಣು ಮಿಟುಕಿಸುವುದು ಸುಮ್ಮನೆ ಅಲ್ಲ. ಕಣ್ಣು ಒಣಗಿದಾಗ, ಧೂಳು ಬಿದ್ದಾಗ ನಮಗೇ ತಿಳಿಯದಷ್ಟು ಸಣ್ಣಗೆ ನೋಯುತ್ತದೆ. ಆ ನೋವೇ ರೆಪ್ಪೆಯನ್ನು ಎಳೆದು ಮುಚ್ಚುತ್ತದೆ. ನೋವಿನ ಬಾಗಿಲೇ ಇಲ್ಲದ ಮೊಲಗಳಿಗೆ ಮುಚ್ಚು ಎಂದು ಹೇಳುವವರು ಯಾರು? ಪರೀಕ್ಷೆಗೆ ಇನ್ನೂ ಇಳಿಸದ ಮೊಲಗಳ ಕಣ್ಣೂ ಒಣಗಿ, ಮೇಲೆ ಗೂಡಿಗೆ ಹಾಸಿದ ಹೊಟ್ಟಿನ ಧೂಳು ಕೂತು, ಮಬ್ಬಾಗಿ, ಹುಣ್ಣಾಗುತ್ತಿತ್ತು. ಮೂಲೆಯ ಗೂಡಿನಲ್ಲಿ ಒಂದು ಮೊಲ ಗಾಯವಾದ ತನ್ನ ಹಿಂಗಾಲನ್ನು ತಾನೇ ಅಗಿಯುತ್ತ ಕೂತಿತ್ತು. ಕಿವಿಯ ಕ್ಲಿಪ್ಪು ಸೊನ್ನೆ ತೋರಿಸುತ್ತಿತ್ತು.

“ನೋವಿದ್ರೆ ಒದ್ದಾಡ್ತಾದೆ, ಅಳ್ತಾದೆ. ನಮ್ಗೂ ತಿಳೀತಾದೆ, ಎತ್ಕೋತೀವಿ” ಎಂದರು ಜವರಮ್ಮ. “ಇದ್ಕೇ ತಿಳೀದಂಗೆ ಮಾಡವ್ರಲ್ಲ ಡಾಕ್ಟ್ರಮ್ಮ, ಯಾವ್ ಜಲ್ಮದ್ ಪಾಪ ಇದು?”

ಅವತ್ತಿನಿಂದ ಅವರು ಹೊಸ ಕೆಲಸ ಶುರು ಮಾಡಿದರು. ಯಾರೂ ಹೇಳಿರಲಿಲ್ಲ. ಪ್ರತಿ ಮೊಲವನ್ನೂ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ರೆಪ್ಪೆಗಳನ್ನು ಕೆಳಗೆ ಸವರಿ, ಹತ್ತು ಎಣಿಸಿ ಬಿಡುವುದು. ನಾನೂ ಪಕ್ಕದಲ್ಲಿ ಕೂತು ಮಾಡತೊಡಗಿದೆ. ಮುಲಾಮು ಹಚ್ಚಿದರೆ ಪರೀಕ್ಷೆ ಕೆಡುತ್ತದೆಂದು ಅದಕ್ಕೆ ಅನುಮತಿ ಇರಲಿಲ್ಲ. ಇಬ್ಬರೂ ಸೇರಿ ಎಷ್ಟು ಬೇಗ ಮಾಡಿದರೂ ಅರವತ್ತನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ಕಣ್ಣು ಒಣಗಿರುತ್ತಿತ್ತು. ಮತ್ತೆ ಮೊದಲಿನಿಂದ.

ಆ ಭಾನುವಾರ ವನಜಳ ಪಾರ್ಲರಿಗೆ ಹೋಗಿ ಎಲ್ಲ ಹೇಳಿದೆ. ಕನ್ನಡಿಯ ಪಕ್ಕದಲ್ಲಿ ಹಳೆಯ ಪೋಸ್ಟರು ಇನ್ನೂ ಇತ್ತು. ಕಪಾಟಿನ ತುಂಬ ಹಸಿರು ವೃತ್ತದ ಡಬ್ಬಿಗಳು, ಒಂದಾದರೂ ಬೇರೆಯದಿರಲಿಲ್ಲ. ಅವಳ ಗಿರಾಕಿಗಳು ತಳ ತಿರುಗಿಸಿ ನೋಡದೆ ಏನನ್ನೂ ಹಚ್ಚಿಸಿಕೊಳ್ಳುತ್ತಿರಲಿಲ್ಲ. ನಾವೇ ಕಲಿಸಿದ ಪಾಠ ಅದು.

“ಅಲ್ಲ ಅಕ್ಕ, ಅವಕ್ಕೆ ನೋವಾಗಲ್ಲ ಅಂದ್ಮೇಲೆ ಇನ್ನೇನೇ ನಿಂದು?” ಎಂದಳು ವನಜ. “ಎಂಬತ್ತೇಳು ಅಂತ ನೀನೇ ಅತ್ತಿದ್ದೆ. ಈಗ ಸೊನ್ನೆ ಬಂದ್ರೂ ಅಳ್ತೀಯಾ?”

“ಕಣ್ಣು ಹುಣ್ಣಾಗ್ತಿದೆ ಕಣೇ. ಕಾಲು ತಿನ್ಕೋತಿದೆ.”

“ಪಾಪ” ಎಂದರು ಮುಖಕ್ಕೆ ಪ್ಯಾಕ್ ಹಚ್ಚಿಸಿಕೊಂಡು ಮಲಗಿದ್ದ ಒಬ್ಬ ಮೇಷ್ಟ್ರಮ್ಮ, ಕಣ್ಣ ಮೇಲಿದ್ದ ಸೌತೆಕಾಯಿ ಬಿಲ್ಲೆ ತೆಗೆಯದೆಯೇ. “ಆದ್ರೂ ಮೊದಲಿನ ಹಾಗಲ್ವಲ್ಲ ಬಿಡಿ. ಅದಕ್ಕೆ ಗೊತ್ತೇ ಆಗಲ್ವಲ್ಲ.”

ಆಕೆ ಕೆಟ್ಟವರಲ್ಲ. ಬೀದಿ ನಾಯಿಗಳಿಗೆ ದಿನಾ ಅನ್ನ ಹಾಕುತ್ತಾರೆ. ನನಗೆ ಜಗಳವಾಡಲೂ ಯಾರೂ ಸಿಗಲಿಲ್ಲ ಎಂಬುದೇ ಹೊಟ್ಟೆ ಉರಿಸಿತು. ಹೊರಡುವಾಗ ವನಜಳ ಮೊಮ್ಮಗಳಿಗೆ, ನಾಲ್ಕು ತಿಂಗಳ ಕೂಸು ಅದು, ಡಬ್ಬಿ ಕಾಡಿಗೆ ಬಿಟ್ಟು ಮನೆಯಲ್ಲೇ ಮಾಡಿ ಹಚ್ಚು ಎಂದೆ. ಅಮ್ಮ ಹರಳೆಣ್ಣೆ ದೀಪಕ್ಕೆ ಹಿತ್ತಾಳೆ ತಟ್ಟೆ ಕವುಚಿ ಮಸಿ ಹಿಡಿಯುತ್ತಿದ್ದ ಹಾಗೆ.

“ಮಕ್ಕಳ ಡಾಕ್ಟ್ರು ಮನೆ ಕಾಡಿಗೆ ಬೇಡ್ವೇ ಬೇಡ ಅಂದಿದಾರೆ. ಪರೀಕ್ಷೆ ಮಾಡಿರೋದನ್ನೇ ಹಚ್ಚಿ ಅಂದ್ರು” ಎಂದಳು. ಅದೂ ತಪ್ಪಲ್ಲ.

ಈ ಕಾನೂನನ್ನು ನೋಡಿಕೊಳ್ಳುವ ಪ್ರಸಾಧನ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆ. ಬೇಡಿಕೆ ಒಂದೇ: ‘ನೋಯಿಸಿಲ್ಲ’ ತೆಗೆದು ‘ಬಳಸಿಲ್ಲ’ ಎಂದು ಮಾಡಿ. ನಾನೇ ಹೊಡೆದುಹಾಕಿದ್ದ ಪದ ಅದು. ಬಳಸಿಲ್ಲ ಎಂದಾದರೆ ಶಾಂತ ತಳಿಯ ಒಂದು ಮೊಲವನ್ನೂ ಮುಟ್ಟುವ ಹಾಗಿಲ್ಲ, ಅರವತ್ತೂ ಉಳಿಯುತ್ತವೆ, ಹೊಸವು ಹುಟ್ಟುವುದಿಲ್ಲ. ಅರ್ಜಿ ಬಿದ್ದುಹೋದರೆ ಪ್ರತಿಯೊಂದು ಕಂಪನಿಯೂ ಈ ತಳಿ ತರಿಸಿಕೊಳ್ಳುತ್ತದೆ. ಪ್ರಹ್ಲಾದನಿಗೆ ನಾನೇ ಹೋಗಿ ಹೇಳಿದೆ. ಅವನು ಬೇಸರಪಟ್ಟನೇ ಹೊರತು ಕೋಪಿಸಿಕೊಳ್ಳಲಿಲ್ಲ.

ವಿಚಾರಣೆಯ ದಿನ ಪೀಠದ ಮುಂದಿನ ಮೇಜಿನ ಮೇಲೆ ಒಂದು ಮೊಲ ತಂದಿಟ್ಟರು. ಕಿವಿಗೆ ಕ್ಲಿಪ್ಪು, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅಂಕಿ. ಕಂಪನಿಯ ವಕೀಲರು ಅದರ ಕಣ್ಣಿಗೆ ಶಾಂಪೂ ಬಿಟ್ಟರು. ಸೊನ್ನೆ. ನಾನು ಎದ್ದು ನಿಂತು, “ದಯವಿಟ್ಟು ಇನ್ನೇನೂ ಮಾಡಬೇಡಿ. ಹತ್ತು ನಿಮಿಷ ಸುಮ್ಮನೆ ಅದರ ಕಣ್ಣನ್ನ ನೋಡ್ತಾ ಕೂತಿರಿ” ಎಂದು ಕೇಳಿಕೊಂಡೆ. ಅಧ್ಯಕ್ಷೆ ಒಳ್ಳೆಯ ಹೆಂಗಸು, ಒಪ್ಪಿದರು. ಎಲ್ಲರೂ ಕಣ್ಣು ಮಿಟುಕಿಸಿದರು, ಮೊಲ ಒಂದು ಸಲವೂ ಮಿಟುಕಿಸಲಿಲ್ಲ. ಏಳನೆಯ ನಿಮಿಷಕ್ಕೆ ಅಧ್ಯಕ್ಷೆಯ ಕಣ್ಣಲ್ಲೇ ನೀರು ಬಂತು, ಸೆರಗಿನಿಂದ ಒರೆಸಿಕೊಂಡರು. ಗೆದ್ದೆ ಎಂದುಕೊಂಡೆ.

ಆಮೇಲೆ ವಕೀಲರು ಕರಡು ಸಮಿತಿಯ ಹಳೆಯ ನಡಾವಳಿ ತೆಗೆದರು. “ಈ ಸಹಿ ತಮ್ಮದೇನಾ ಮೇಡಂ?” ನನ್ನದೇ. “ಕರಡಿನಲ್ಲಿ ‘ಬಳಸಿಲ್ಲ’ ಅಂತಾನೇ ಇತ್ತು. ಅದನ್ನ ಬೇಡ ಅಂದವರು ಯಾರು?” ನಾನೇ. “ಇಂಗ್ಲಿಷಿನಲ್ಲಿ ಇವತ್ತಿಗೂ ಬಳಸಿಲ್ಲ ಅನ್ನೋ ಅರ್ಥವೇ ಇದೆ. ಆದರೆ ಕನ್ನಡ ಪಠ್ಯವೇ ಅಂತಿಮ ಅಂತ ಬರೆಸಿದವರು?” ಅದೂ ನಾನೇ. ಶಬ್ದ ಚೆನ್ನಾಗಿರಲಿ ಎಂದು ನಾನು ಪಟ್ಟ ಆಸೆಯ ಒಳಗೆ ನುಸುಳಿ ಆ ಅರವತ್ತು ಮೊಲಗಳು ಗೂಡು ಸೇರಿದ್ದವು. ಬೇರೆ ಯಾರೂ ದಾರಿ ಮಾಡಿಕೊಟ್ಟಿರಲಿಲ್ಲ.

ನನ್ನ ಸಾಕ್ಷಿ ಜವರಮ್ಮ. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ವಕೀಲರು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ.

“ಈ ಮೊಲಗಳು ನೋವು ಪಡೋದನ್ನ ನೀವು ಯಾವತ್ತಾದ್ರೂ ನೋಡಿದೀರಾ ಅಮ್ಮ?”

ಜವರಮ್ಮ ನನ್ನ ಕಡೆ ನೋಡಿದರು. ಪ್ರಮಾಣ ಮಾಡಿ ಸುಳ್ಳು ಹೇಳುವ ಹೆಂಗಸಲ್ಲ.

“ಇಲ್ಲ ಸ್ವಾಮಿ. ಅವ್ಕೆ ನೋಯಾಕಿಲ್ಲ” ಎಂದರು. “ಅದೇಯ ಸಂಕ್ಟ. ನೋಯಾದ್ನ ಅವುಗಳ್ ಕೈಯಿಂದ ಕಿತ್ಕೊಂಡವ್ರೆ. ಈಗ ಅವುಗಳ್ ಬದ್ಲಿಗೆ ನಾನ್ ನೋಯ್ತಿವ್ನಿ. ಆ ಕಿಲಿಪ್ನ ನನ್ ಕಿವೀಗಾಕಿ ನೋಡಿ.”

ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ನಗಲಿಲ್ಲ. ಆದರೆ ಗುಮಾಸ್ತರು ಬರೆದುಕೊಂಡಿದ್ದು ನನಗೆ ಕಾಣುತ್ತಿತ್ತು: ‘ಸಾಕ್ಷಿ: ಇಲ್ಲ. ಅವಕ್ಕೆ ನೋಯುವುದಿಲ್ಲ.’ ಉಳಿದದ್ದು ಪ್ರಶ್ನೆಗೆ ಸಂಬಂಧಪಟ್ಟಿರಲಿಲ್ಲ.

ಆದೇಶ ಹತ್ತು ದಿನಕ್ಕೆ ಬಂತು. ಅರ್ಜಿದಾರರ ಕಳಕಳಿಯನ್ನು ಪೀಠ ಗೌರವಿಸುತ್ತದೆ. ಕಣ್ಣಿನ ಹುಣ್ಣು ವಿಷಾದಕರ. ಆದರೆ ಕಾನೂನು ಕೇಳುವುದು ನೋಯಿಸಲಾಗಿದೆಯೇ ಎಂಬುದನ್ನು ಮಾತ್ರ. ಅದಕ್ಕೆ ಉತ್ತರ ಸೊನ್ನೆ. ಅರ್ಜಿ ವಜಾ. ಶಾಂತ ತಳಿಯ ಮೇಲೆ ಪರೀಕ್ಷಿಸಿದ ಎಲ್ಲ ಪದಾರ್ಥಗಳೂ ಹಸಿರು ಮುದ್ರೆಗೆ ಅರ್ಹ. ಆದೇಶ ಕನ್ನಡದಲ್ಲೇ ಇತ್ತು, ಒಂದು ಕಾಗುಣಿತದ ತಪ್ಪೂ ಇಲ್ಲದೆ. ಮಾರನೆಯ ದಿನ ಕಂಪನಿಯ ಗೇಟಿನಲ್ಲಿ ನನ್ನ ಪಾಸು ತೆಗೆದುಕೊಂಡರು. ನೋವಿಲ್ಲದ ಮೊಲಗಳಿಗೆ ಪಶುವೈದ್ಯೆಯ ಅಗತ್ಯ ಇಲ್ಲವೆಂದು ಪತ್ರದಲ್ಲಿತ್ತು. ಜವರಮ್ಮನನ್ನು ಮಾತ್ರ ಉಳಿಸಿಕೊಂಡರು, ಗೂಡು ತೊಳೆಯಲು ಯಾರಾದರೂ ಬೇಕಲ್ಲ.

ನಿನ್ನೆ ಬೆಳಿಗ್ಗೆ ವನಜಳ ಮನೆಯಲ್ಲಿದ್ದೆ. ಕೂಸಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಕರೆತಂದಿದ್ದಳು. ಹಸಿರು ವೃತ್ತದ ಡಬ್ಬಿ ತೆರೆದು ಕೆನ್ನೆಗೊಂದು, ಅಂಗಾಲಿಗೊಂದು ದೃಷ್ಟಿಬೊಟ್ಟು ಇಟ್ಟಳು. ನಾನು ಬೇಡ ಎನ್ನಲಿಲ್ಲ. ಯಾರಿಗೆ ಏನು ಹೇಳುವುದು? ಮಗು ಕೈ ಆಡಿಸಿ ಕೆನ್ನೆಯದನ್ನು ಕಣ್ಣಿಗೆ ಉಜ್ಜಿಕೊಂಡುಬಿಟ್ಟಿತು. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮುಖ ಕೆಂಪಗೆ ಮಾಡಿ ಕಿಟಾರನೆ ಕಿರುಚಿತು. ನಾನು ಎತ್ತಿಕೊಂಡು ಅದರ ಕಣ್ಣಿಗೆ ಉಫ್ ಎಂದು ಊದಿದೆ. ಎರಡೂ ರೆಪ್ಪೆ ಒಟ್ಟಿಗೆ, ಗಟ್ಟಿಯಾಗಿ ಮುಚ್ಚಿಕೊಂಡವು. ನೀರು ಧಾರೆಯಾಗಿ ಇಳಿಯಿತು.

“ಅಳು ಕಂದ, ಅಳು. ಚೆನ್ನಾಗಿ ಅಳು” ಎಂದೆ.

“ಏನೇ ಅಕ್ಕ, ಮಗು ಅಳ್ತಿದ್ರೆ ನಗ್ತಿದೀಯಲ್ಲ!” ಎಂದು ವನಜ ಗದರಿದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೆ ಗೊತ್ತಾಗಲಿಲ್ಲ.

ಆಗಲೇ ಜವರಮ್ಮನ ಫೋನು ಬಂತು.

“ಡಾಕ್ಟ್ರಮ್ಮ, ಇವತ್ತು ಇನ್ನೂ ಆರ್ನೂರು ಬಂದ್ವು. ಮ್ಯಾಲಿನ್ ಮಾಡೀಗೂ ಗೂಡ್ ಜೋಡಿಸ್ತಾವ್ರೆ. ನಾನ್ ಒಬ್ಳೇ. ಎಲ್ಲಿಂದ ಸುರು ಮಾಡ್ಲಿ ಯೇಳಿ.”

ಇಷ್ಟು ವರ್ಷ ನನಗೆ ಕೆಲಸ ಕಲಿಸಿದವರು ಅವರು. ಈಗ ನನ್ನನ್ನು ಕೇಳುತ್ತಿದ್ದರು.

“ಕಿಟಕಿ ಕಡೆಯಿಂದ” ಎಂದೆ. “ಬಿಸಿಲು ಬೀಳೋ ಸಾಲು ಮೊದಲು. ಅವು ಬೇಗ ಒಣಗ್ತವೆ.”

“ಮಿಕ್ಕವು?”

ಅವರು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸಕ್ಕೆ ಕೂತಿರಬೇಕು, ಎಣಿಸುವುದು ಕೇಳಿಸತೊಡಗಿತು. ಒಂದು, ಎರಡು, ಮೂರು... ಹತ್ತು. ಮತ್ತೆ ಒಂದು, ಎರಡು. ನಾನು ಫೋನು ಇಡದೆ ಕೇಳುತ್ತಾ ಕೂತೆ. ನನ್ನ ತೊಡೆಯ ಮೇಲೆ ಮಗು ಅತ್ತು ಅತ್ತು ನಿದ್ದೆ ಹೋಗಿತ್ತು. ಅದರ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತ್ತು.